ಕ್ವಾಂಟಮ್ ಕಂಪ್ಯೂಟರ್ ಬರುವ ಮುಂಚೆ ನಿಮ್ಮ ವೈಫೈ ಭದ್ರ ಮಾಡಿಕೊಳ್ಳುವುದು ಹೇಗೆ? ಹಂತ ಹಂತದ ಸಮಗ್ರ ಮಾರ್ಗದರ್ಶಿ

ಒಂದು ರಕ್ತ ಪರೀಕ್ಷೆಯ ಲ್ಯಾಬ್‌ನವರು ತಮ್ಮ ವೈಫೈ ನೋಡಿಕೊಡಿ ಅಂತ ಕರೆದಿದ್ದರು. ಮಾಲೀಕರ ಒಪ್ಪಿಗೆ ಪಡೆದು, ಒಳಗೆ ಹೋಗುವ ಮೊದಲು ಎದುರಿನ ಟೀ ಅಂಗಡಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತೆ. ಗೋಡೆ ದಾಟಿ, ರಸ್ತೆ ದಾಟಿ ಸಿಗ್ನಲ್ ಚೆನ್ನಾಗಿಯೇ ಬರುತ್ತಿತ್ತು. ಮೈನಸ್ 67 ಡಿಬಿಎಂ. ಟೀ ಮುಗಿಯುವಷ್ಟರಲ್ಲಿ ಸಿಬ್ಬಂದಿಯೊಬ್ಬರ ಫೋನ್ ವೈಫೈಗೆ ಸೇರಿಕೊಂಡಿತು. ಬೀಗದ ಕೈ ಗೊತ್ತು ಮಾಡಿಕೊಳ್ಳಲು ಆ ಫೋನ್ ಮತ್ತು ರೂಟರ್ ನಡುವೆ ಹೋದ ನಾಲ್ಕು ಸಂದೇಶಗಳೂ ನನ್ನ ಫೈಲ್‌ಗೆ ಬಂದು ಕೂತವು. ಅವುಗಳ ಹಿಂದೆಯೇ ಎನ್‌ಕ್ರಿಪ್ಟ್ ಆದ ಡೇಟಾ ಸಾಲುಸಾಲಾಗಿ ಬಂತು. ನಾನು ಯಾವುದನ್ನೂ ಮುರಿದಿರಲಿಲ್ಲ. ಗಾಳಿಯಲ್ಲಿ ಬಂದದ್ದನ್ನು ಬರೆದಿಟ್ಟುಕೊಂಡಿದ್ದೆ, ಅಷ್ಟೇ.

ನೆಲದಡಿಯ ಫೈಬರ್ ಕೇಬಲ್‌ಗೆ ಕಿವಿ ಕೊಡಬೇಕಾದರೆ ರಸ್ತೆ ಅಗೆಯಬೇಕು. ವೈಫೈಗೆ ಕಿವಿ ಕೊಡಲು ಟೀ ಅಂಗಡಿಯ ಬೆಂಚು ಸಾಕು. ಇವತ್ತು ಓದಲಾಗದ ಡೇಟಾವನ್ನು ಸುಮ್ನೆ ಹಾರ್ಡ್ ಡಿಸ್ಕ್‌ನಲ್ಲಿ ತುಂಬಿಟ್ಟು, ಮುಂದೊಂದು ದಿನ ಕ್ವಾಂಟಮ್ ಕಂಪ್ಯೂಟರ್, ಅಂದರೆ ಅಣು-ಕಣಗಳ ನಿಯಮದ ಮೇಲೆ ನಡೆದು ಕೆಲವು ಲೆಕ್ಕಗಳನ್ನು ಮಾಮೂಲಿ ಕಂಪ್ಯೂಟರ್‌ಗಿಂತ ಎಷ್ಟೋ ಬೇಗ ಬಿಡಿಸುವ ಯಂತ್ರ, ಕೈಗೆ ಸಿಕ್ಕಾಗ ಬಿಚ್ಚಿ ಓದಬಹುದು. ಹಾಗಾಗಿ ಯಂತ್ರ ಬಂದ ಮೇಲೆ ನೋಡೋಣ ಅನ್ನುವುದು ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಈ ಬರಹ ಸಣ್ಣ ಆಸ್ಪತ್ರೆ, ಲ್ಯಾಬ್, ವಕೀಲರ ಕಚೇರಿ, ಆಡಿಟರ್ ಕಚೇರಿ, ಕಾಲೇಜು ಇಂಥ ಕಡೆ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ. ಮನೆಯ ವೈಫೈಗೂ ಇದರಲ್ಲಿ ಅರ್ಧದಷ್ಟು ನೇರವಾಗಿ ಅನ್ವಯಿಸುತ್ತದೆ.

## ಮೊದಲು ತಿಳಿಯಬೇಕಾದ್ದು: ಬೀಗ ಬೇರೆ, ಬೀಗದ ಕೈ ಬೇರೆ

ವೈರ್‌ಲೆಸ್ ಭದ್ರತೆಯಲ್ಲಿ ಎರಡು ಕೆಲಸಗಳಿವೆ. ಒಂದು, ಡೇಟಾಕ್ಕೆ ಬೀಗ ಹಾಕುವುದು. ಇನ್ನೊಂದು, ಆ ಬೀಗದ ಕೈಯನ್ನು ಎರಡೂ ಕಡೆಯವರು ಗುಟ್ಟಾಗಿ ಹಂಚಿಕೊಳ್ಳುವುದು. ಕ್ವಾಂಟಮ್ ಕಂಪ್ಯೂಟರ್ ಈ ಎರಡನ್ನೂ ಒಂದೇ ಥರ ಹೊಡೆಯುವುದಿಲ್ಲ. ಇದನ್ನು ಹಿಡಿದುಕೊಂಡರೆ ಮುಂದಿನ ಹಂತಗಳೆಲ್ಲ ಸಲೀಸು.

ಬೀಗದ ಕೆಲಸ ಎಇಎಸ್ ಎಂಬ ಎನ್‌ಕ್ರಿಪ್ಶನ್ ವಿಧಾನದ್ದು. 1996ರಲ್ಲಿ ಲವ್ ಗ್ರೋವರ್ ಒಂದು ಕ್ವಾಂಟಮ್ ಹುಡುಕಾಟದ ವಿಧಾನ ಕೊಟ್ಟರು. ಅವರು ದೆಹಲಿ ಐಐಟಿಯಲ್ಲಿ ಓದಿದವರು. ಆಗ ಬೆಲ್ ಲ್ಯಾಬ್ಸ್‌ನಲ್ಲಿದ್ದರು. ಆ ವಿಧಾನದಿಂದ ಲೆಕ್ಕದ ಪ್ರಕಾರ 128 ಬಿಟ್ ಬೀಗದ ಬಲ 64 ಬಿಟ್‌ಗೆ ಇಳಿಯುತ್ತದೆ. ಕೇಳಿದರೆ ಭಯ ಆಗುತ್ತದೆ. ಆದರೆ ಈ ಲೆಕ್ಕವನ್ನು ಒಂದರ ಹಿಂದೆ ಒಂದರಂತೆ ಮಾಡುತ್ತಾ ಹೋಗಬೇಕು. ಸಾವಿರ ಯಂತ್ರಗಳಿಗೆ ಹಂಚಿದರೂ ಸಾವಿರ ಪಟ್ಟು ಬೇಗ ಮುಗಿಯುವುದಿಲ್ಲ. ಆದ್ದರಿಂದ ಎಇಎಸ್-128 ಸದ್ಯಕ್ಕೆ ಗಟ್ಟಿಯಾಗಿಯೇ ಇದೆ. ಎಇಎಸ್-256 ಇದ್ದರೆ ಚಿಂತೆಯೇ ಬೇಡ.

ಬೀಗದ ಕೈ ಹಂಚುವ ಕೆಲಸದ್ದೇ ತೊಂದರೆ. ಆರ್‌ಎಸ್‌ಎ, ಡಿಫಿ-ಹೆಲ್‌ಮನ್, ಎಲಿಪ್ಟಿಕ್ ಕರ್ವ್ ಈ ಮೂರು ವಿಧಾನಗಳೂ ನಿಂತಿರುವುದು, ಕೆಲವು ಲೆಕ್ಕಗಳನ್ನು ಉಲ್ಟಾ ದಿಕ್ಕಿನಲ್ಲಿ ಬಿಡಿಸಲು ಯಾರಿಗೂ ಆಗದು ಎಂಬ ನಂಬಿಕೆಯ ಮೇಲೆ. 1994ರಲ್ಲಿ ಪೀಟರ್ ಶೋರ್ ಅದೇ ಲೆಕ್ಕಗಳನ್ನು ಕ್ವಾಂಟಮ್ ಕಂಪ್ಯೂಟರ್ ಬೇಗ ಬಿಡಿಸಬಲ್ಲದು ಎಂದು ತೋರಿಸಿದರು. ಇಲ್ಲಿ ಬಲ ಅರ್ಧಕ್ಕೆ ಇಳಿಯುವ ಮಾತೇ ಇಲ್ಲ, ಪೂರ್ತಿ ಕುಸಿಯುತ್ತದೆ.

ಹಾಗಾದರೆ ಆ ಯಂತ್ರ ಎಲ್ಲಿದೆ? ಇನ್ನೂ ಇಲ್ಲ. ಆದರೆ ಅಂದಾಜು ಇಳಿಯುತ್ತಿರುವ ವೇಗ ನೋಡಿ. 2019ರಲ್ಲಿ ಕ್ರೇಗ್ ಗಿಡ್ನಿ ಮತ್ತು ಮಾರ್ಟಿನ್ ಎಕೆರೋ, 2048 ಬಿಟ್ ಆರ್‌ಎಸ್‌ಎ ಮುರಿಯಲು 2 ಕೋಟಿ ಕ್ಯುಬಿಟ್ (ಕ್ವಾಂಟಮ್ ಯಂತ್ರ ಲೆಕ್ಕಕ್ಕೆ ಬಳಸುವ ಮೂಲ ಘಟಕ), 8 ಗಂಟೆ ಬೇಕು ಎಂದು ಲೆಕ್ಕ ಹಾಕಿದ್ದರು. 2025ರ ಮೇ ತಿಂಗಳಲ್ಲಿ ಅದೇ ಗಿಡ್ನಿ, 10 ಲಕ್ಷಕ್ಕಿಂತ ಕಡಿಮೆ ಕ್ಯುಬಿಟ್‌ನಲ್ಲಿ ಒಂದು ವಾರದೊಳಗೆ ಆಗುತ್ತದೆ ಎಂದರು. ಐಬಿಎಂ 2023ರಲ್ಲಿ ತೋರಿಸಿದ ಕಾಂಡೋರ್ ಚಿಪ್‌ನಲ್ಲಿ ಇದ್ದದ್ದು 1,121 ಕ್ಯುಬಿಟ್. ಗೂಗಲ್‌ನ ವಿಲ್ಲೋದಲ್ಲಿ 105. ದೂರ ಇನ್ನೂ ಜಾಸ್ತಿಯೇ ಇದೆ. ಆದರೆ ಎರಡೂ ಕಡೆಯಿಂದ ಕಡಿಮೆಯಾಗುತ್ತಿದೆ. ಯಂತ್ರ ಬೆಳೆಯುತ್ತಿದೆ, ಬೇಕಾದ ಯಂತ್ರದ ಗಾತ್ರ ಇಳಿಯುತ್ತಿದೆ.

ನಡುನಡುವೆ "ಆರ್‌ಎಸ್‌ಎ ಮುರಿದೇ ಬಿಟ್ಟರು" ಅಂತ ವಾಟ್ಸಾಪ್‌ನಲ್ಲಿ ಸುದ್ದಿ ಬರುತ್ತದೆ. 2024ರಲ್ಲಿ ಓಡಾಡಿದ ಅಂಥ ಸುದ್ದಿಯ ಹಿಂದೆ ಇದ್ದದ್ದು 22 ಬಿಟ್‌ನ ಸಂಖ್ಯೆ. ಅದನ್ನು ನಿಮ್ಮ ಫೋನ್ ಕಣ್ಣು ಮಿಟುಕಿಸುವುದರೊಳಗೆ ಬಿಡಿಸುತ್ತದೆ. ಇಂಥ ಸುದ್ದಿ ನೋಡಿದಾಗ ಮೊದಲು ಎಷ್ಟು ಬಿಟ್ ಅಂತ ಹುಡುಕಿ.

## ಯಾವ ವೈಫೈಗೆ ಎಷ್ಟು ಅಪಾಯ?

ಇಲ್ಲಿ ತುಂಬಾ ಜನ ಎಡವುತ್ತಾರೆ. ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಪಾಸ್‌ವರ್ಡ್ ಇರುವ ಸಾಮಾನ್ಯ ಡಬ್ಲ್ಯೂಪಿಎ2 (ವೈಫೈ ಭದ್ರತೆಯ ಹಳೆಯ ಮಾನದಂಡ) ವೈಫೈನಲ್ಲಿ ಆರ್‌ಎಸ್‌ಎಯೂ ಇಲ್ಲ, ಎಲಿಪ್ಟಿಕ್ ಕರ್ವೂ ಇಲ್ಲ. ಪಾಸ್‌ವರ್ಡ್ ಮತ್ತು ವೈಫೈ ಹೆಸರು ಸೇರಿಸಿ 4,096 ಸಲ ಅರೆದು ಒಂದು ಕೀಲಿ, ಅಂದರೆ ಬೀಗದ ಕೈ, ಮಾಡುತ್ತಾರೆ. ಆಮೇಲೆ ನಾಲ್ಕು ಸಂದೇಶಗಳಲ್ಲಿ ಆ ಹೊತ್ತಿನ ಕೀಲಿ ಹುಟ್ಟುತ್ತದೆ. ಶೋರ್ ವಿಧಾನಕ್ಕೆ ಇಲ್ಲಿ ಕೆಲಸವೇ ಇಲ್ಲ.

ಹಾಗಂತ ಡಬ್ಲ್ಯೂಪಿಎ2 ಒಳ್ಳೆಯದು ಅಂತ ಅಲ್ಲ. ಪಾಸ್‌ವರ್ಡ್ ಗೊತ್ತಿದ್ದವರು ಆ ನಾಲ್ಕು ಸಂದೇಶ ಹಿಡಿದರೆ ಸಾಕು, ಉಳಿದ ಡೇಟಾ ಇವತ್ತೇ ಬಿಚ್ಚಬಹುದು. ಕ್ವಾಂಟಮ್ ಯಂತ್ರಕ್ಕೆ ಕಾಯುವ ಅಗತ್ಯವೇ ಇಲ್ಲ. ಆ ಲ್ಯಾಬ್‌ನಲ್ಲಿ ಪಾಸ್‌ವರ್ಡನ್ನು ರಿಸೆಪ್ಷನ್ ಗೋಡೆಗೆ ಅಂಟಿಸಿದ್ದರು. ಬಂದವರಿಗೆ ಅನುಕೂಲ ಆಗಲಿ ಎಂಬ ಒಳ್ಳೆಯ ಮನಸ್ಸಿನಿಂದ. ರಿಪೋರ್ಟ್ ಕಳಿಸುವ ಕಂಪ್ಯೂಟರ್ ಇದ್ದದ್ದೂ ಅದೇ ವೈಫೈನಲ್ಲಿ. ಟೀ ಅಂಗಡಿಯಲ್ಲಿ ನಾನು ಹಿಡಿದ ಫೈಲಿಗೆ ಆ ಪಾಸ್‌ವರ್ಡ್ ಹಾಕಿದೆ. ಪ್ಯಾಕೆಟ್‌ಗಳು ಒಂದೊಂದಾಗಿ ತೆರೆದುಕೊಂಡವು. ವೆಬ್‌ಸೈಟ್‌ಗಳ ಡೇಟಾಕ್ಕೆ ಒಳಗೆ ಇನ್ನೊಂದು ಬೀಗ ಇತ್ತು. ಪ್ರಿಂಟರ್‌ಗೆ ಹೋದ ರಿಪೋರ್ಟ್‌ಗೆ ಅದೂ ಇರಲಿಲ್ಲ. ರೋಗಿಯ ಹೆಸರು, ವಯಸ್ಸು, ಸಕ್ಕರೆ ಪ್ರಮಾಣ ಎಲ್ಲವೂ ಪರದೆ ಮೇಲೆ ಓದುವ ಹಾಗೆ ಬಂತು. ಮಾಲೀಕರಿಗೆ ಅದನ್ನು ತೋರಿಸುವಾಗ ನನಗೇ ಸಂಕಟ ಆಯಿತು.

2018ರಲ್ಲಿ ಬಂದ ಡಬ್ಲ್ಯೂಪಿಎ3 ಈ ತೊಂದರೆಯನ್ನು ಸರಿಪಡಿಸಿತು. ಅದರ ಎಸ್‌ಎಇ ಎಂಬ ಕೀಲಿ ಹಂಚುವ ವಿಧಾನದಲ್ಲಿ ಪಾಸ್‌ವರ್ಡ್ ಗೊತ್ತಿದ್ದರೂ ಬೇರೆಯವರ ಡೇಟಾ ಬಿಚ್ಚಲು ಆಗುವುದಿಲ್ಲ. ಆದರೆ ಎಸ್‌ಎಇ ನಿಂತಿರುವುದು ಎಲಿಪ್ಟಿಕ್ ಕರ್ವ್ ಮೇಲೆ, ಸಾಮಾನ್ಯವಾಗಿ 256 ಬಿಟ್‌ನದು. ಹಾಗಾಗಿ ಇವತ್ತು ಕೂಡಿಟ್ಟ ಡಬ್ಲ್ಯೂಪಿಎ3 ಡೇಟಾವನ್ನು, ಪಾಸ್‌ವರ್ಡ್ ಗೊತ್ತಿರುವವರು ಮುಂದೆ ಕ್ವಾಂಟಮ್ ಯಂತ್ರದಲ್ಲಿ ಬಿಚ್ಚಬಹುದು. ಪಾಸ್‌ವರ್ಡ್ ಗೊತ್ತಿಲ್ಲದವರು ಪ್ರತಿ ಊಹೆಗೂ ಆ ದುಬಾರಿ ಲೆಕ್ಕ ಮಾಡಬೇಕಾಗುತ್ತದೆ. ಉದ್ದ ಪಾಸ್‌ವರ್ಡ್ ಇಲ್ಲೂ ಕಾಯುತ್ತದೆ.

ಇದನ್ನು ಓದಿ "ಹಾಗಾದರೆ ಡಬ್ಲ್ಯೂಪಿಎ2ಗೇ ವಾಪಸ್ ಹೋಗೋಣ" ಅನ್ನಬೇಡಿ. ಒಬ್ಬ ಗ್ರಾಹಕರು ನಿಜವಾಗಿಯೂ ಹಾಗೆ ಕೇಳಿದ್ದರು. ಮುಂದೆ ಬರಬಹುದಾದ ಕಳ್ಳನಿಗೆ ಹೆದರಿ ಈಗ ಬಾಗಿಲಲ್ಲಿ ನಿಂತಿರುವ ಕಳ್ಳನಿಗೆ ಚಿಲಕ ತೆಗೆಯಬಾರದು, ಅಲ್ವಾ?

ಪಾಸ್‌ವರ್ಡ್ ಇಲ್ಲದೆಯೂ ಎನ್‌ಕ್ರಿಪ್ಟ್ ಮಾಡುವ ಎನ್‌ಹ್ಯಾನ್ಸ್‌ಡ್ ಓಪನ್ ಎಂಬ ಬಗೆ ಕೆಲವು ಹೋಟೆಲ್, ಕೆಫೆಗಳಲ್ಲಿ ಇರುತ್ತದೆ. ಅದು ಶುದ್ಧ ಡಿಫಿ-ಹೆಲ್‌ಮನ್. ಕ್ವಾಂಟಮ್ ಮುಂದೆ ನಿಲ್ಲುವುದಿಲ್ಲ. ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಇರುವ ಎಂಟರ್‌ಪ್ರೈಸ್ ವೈಫೈ ಕಥೆ ದೊಡ್ಡದು, ಅದಕ್ಕೆ ಹಂತ 5 ಇದೆ.

## ಹಂತ 1: ಎಷ್ಟು ವರ್ಷ ಗುಟ್ಟಾಗಿರಬೇಕು ಅಂತ ಲೆಕ್ಕ ಹಾಕಿ

ಕೆನಡಾದ ಮಿಕೆಲೆ ಮೋಸ್ಕಾ ಒಂದು ಸರಳ ಲೆಕ್ಕ ಕೊಟ್ಟಿದ್ದಾರೆ. ನಿಮ್ಮ ಮಾಹಿತಿ ಎಷ್ಟು ವರ್ಷ ಗುಟ್ಟಾಗಿರಬೇಕು? ಅದಕ್ಕೆ ನಿಮ್ಮ ಸಲಕರಣೆಗಳನ್ನೆಲ್ಲ ಬದಲಾಯಿಸಲು ಬೇಕಾದ ವರ್ಷಗಳನ್ನು ಕೂಡಿ. ಆ ಮೊತ್ತ ಕ್ವಾಂಟಮ್ ಯಂತ್ರ ಬರಲು ಉಳಿದಿರುವ ವರ್ಷಗಳಿಗಿಂತ ಜಾಸ್ತಿ ಇದ್ದರೆ ನೀವು ಈಗಾಗಲೇ ತಡ ಮಾಡಿದ್ದೀರಿ.

ಯಂತ್ರ ಬರುವ ವರ್ಷ ಯಾರಿಗೂ ಗೊತ್ತಿಲ್ಲ. ನಾನು 2035 ಅಂತ ಇಟ್ಟುಕೊಳ್ಳುತ್ತೇನೆ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್, 2024ರ ನವೆಂಬರ್‌ನ ಕರಡಿನಲ್ಲಿ ಆರ್‌ಎಸ್‌ಎ ಮತ್ತು ಎಲಿಪ್ಟಿಕ್ ಕರ್ವ್‌ಗಳನ್ನು ಪೂರ್ತಿ ಕೈಬಿಡಲು ಕೊಟ್ಟ ಗಡುವು ಅದೇ. 2048 ಬಿಟ್ ಆರ್‌ಎಸ್‌ಎಯಂಥವನ್ನು 2030ರ ನಂತರ ಬಳಸದಿರುವುದೇ ಮೇಲು ಎನ್ನುತ್ತದೆ ಆ ಕರಡು.

ಲ್ಯಾಬ್‌ನ ಲೆಕ್ಕ ಹೀಗಿತ್ತು. ಒಬ್ಬ ಹುಡುಗಿಯ ಎಚ್‌ಐವಿ ಪರೀಕ್ಷೆ ಅಥವಾ ವಂಶವಾಹಿ ಪರೀಕ್ಷೆಯ ಫಲಿತಾಂಶ ಅವಳು ಬದುಕಿರುವವರೆಗೂ ಗುಟ್ಟಾಗಿರಬೇಕು. 50 ವರ್ಷ ಅಂತಲೇ ಇಟ್ಟುಕೊಂಡೆವು. ಸಲಕರಣೆ ಬದಲಾಯಿಸಲು 4 ವರ್ಷ. ಮೊತ್ತ 54. ಆದ್ದರಿಂದ ಅವತ್ತೇ ಶುರು ಮಾಡಿದೆವು. ಅದೇ ಒಂದು ಬಟ್ಟೆ ಅಂಗಡಿಯ ಬಿಲ್ಲಿಂಗ್ ಡೇಟಾ ಆದರೆ ಎರಡು ಮೂರು ವರ್ಷದಲ್ಲಿ ಹಳಸುತ್ತದೆ. ಅವರು ಹಂತ 3 ಮಾಡಿಕೊಂಡು ನೆಮ್ಮದಿಯಾಗಿ ಇರಬಹುದು.

## ಹಂತ 2: ಗಾಳಿಯಲ್ಲಿ ಮಾತಾಡುವ ಎಲ್ಲವನ್ನೂ ಪಟ್ಟಿ ಮಾಡಿ

ಒಂದು ನೋಟ್‌ಬುಕ್ ಸಾಕು. ಐದು ಕಾಲಂ ಹಾಕಿ: ಸಲಕರಣೆ, ಯಾವ ವೈರ್‌ಲೆಸ್, ಯಾವ ಭದ್ರತಾ ಬಗೆ, ಏನು ಕಳಿಸುತ್ತದೆ, ಫರ್ಮ್‌ವೇರ್ (ಸಲಕರಣೆಯ ಒಳಗಿನ ಸಾಫ್ಟ್‌ವೇರ್) ಕೊನೆಗೆ ಯಾವಾಗ ಅಪ್‌ಡೇಟ್ ಆಗಿದೆ.

ರೂಟರ್‌ನ ಸೆಟ್ಟಿಂಗ್ಸ್ ಪುಟದಲ್ಲಿ ಸೇರಿಕೊಂಡಿರುವ ಸಲಕರಣೆಗಳ ಪಟ್ಟಿ ಇರುತ್ತದೆ. ಅಲ್ಲಿಂದ ಶುರು ಮಾಡಿ. ಆಮೇಲೆ ಕಟ್ಟಡದಲ್ಲಿ ಒಂದು ಸುತ್ತು ನಡೆಯಿರಿ. ಪಟ್ಟಿಯಲ್ಲಿ ಕಾಣದ್ದು ಕಣ್ಣಿಗೆ ಕಾಣುತ್ತದೆ: ಸಿಸಿಟಿವಿ ಕ್ಯಾಮೆರಾ, ಬೆರಳಚ್ಚು ಹಾಜರಿ ಯಂತ್ರ, ಬ್ಲೂಟೂತ್ ಬಾರ್‌ಕೋಡ್ ಸ್ಕ್ಯಾನರ್, ಕಾರ್ಡ್ ಸ್ವೈಪ್ ಮಾಡುವ ಯಂತ್ರ, ಯುಪಿಐ ಸೌಂಡ್ ಬಾಕ್ಸ್. ಲ್ಯಾಬ್‌ನವರು "ನಮ್ಮಲ್ಲಿ ಹತ್ತು ಇರಬಹುದು" ಅಂದಿದ್ದರು. ಎಣಿಸಿದಾಗ 31 ಸಿಕ್ಕವು.

## ಹಂತ 3: ರೂಟರ್‌ನಲ್ಲಿ ಇವತ್ತೇ ಮಾಡಬೇಕಾದ್ದು

ಇದಕ್ಕೆ ಒಂದು ಗಂಟೆ ಸಾಕು. ಖರ್ಚಿಲ್ಲ.

ಫರ್ಮ್‌ವೇರ್ ಅಪ್‌ಡೇಟ್ ಮಾಡಿ. ಗುಂಡಿ ಅಥವಾ ಪಿನ್‌ನಿಂದ ವೈಫೈ ಸೇರಿಸುವ ಡಬ್ಲ್ಯೂಪಿಎಸ್ ಆಫ್ ಮಾಡಿ. ಭದ್ರತಾ ಬಗೆಯನ್ನು ಡಬ್ಲ್ಯೂಪಿಎ3ಗೆ ಬದಲಾಯಿಸಿ. ಡಬ್ಲ್ಯೂಪಿಎ2, ಡಬ್ಲ್ಯೂಪಿಎ3 ಎರಡೂ ಬೆರೆಸಿದ ಬಗೆ ಬೇಡ. ಡಬ್ಲ್ಯೂಪಿಎ3 ಬಾರದ ಹಳೆಯ ಸಲಕರಣೆಗಳಿಗೆ ಬೇರೆ ಹೆಸರಿನ, ಬೇರೆ ಪಾಸ್‌ವರ್ಡಿನ ವೈಫೈ ಕೊಡಿ. ಬಂದುಹೋಗುವವರಿಗೆ ಗೆಸ್ಟ್ ವೈಫೈ ಕೊಡಿ, ಅದರಿಂದ ಒಳಗಿನ ಯಾವ ಯಂತ್ರವೂ ಕಾಣಬಾರದು. ಸೆಟ್ಟಿಂಗ್ಸ್‌ನಲ್ಲಿ 256 ಬಿಟ್ ಜಿಸಿಎಂಪಿ (ಎಇಎಸ್-256 ಬೀಗ) ಆಯ್ಕೆ ಇದ್ದರೆ, ಸಲಕರಣೆಗಳು ಒಪ್ಪಿದರೆ, ಅದನ್ನೇ ಹಾಕಿ.

ಪಾಸ್‌ವರ್ಡ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ವೈಫೈ ಪಾಸ್‌ವರ್ಡ್ 8ರಿಂದ 63 ಅಕ್ಷರ ಇರಬಹುದು. ಅಂಗಡಿ ಹೆಸರಿನ ಮುಂದೆ 123 ಹಾಕಿದ್ದನ್ನು ಮುರಿಯಲು ಈಗಿನ ಗ್ರಾಫಿಕ್ಸ್ ಕಾರ್ಡೇ ಸಾಕು. ಒಂದು ಸುಲಭ ದಾರಿ: 7,776 ಪದಗಳ ಪಟ್ಟಿಯಿಂದ ದಾಳ ಉರುಳಿಸಿ ಆರು ಪದ ಆರಿಸಿ. ಸುಮಾರು 77 ಬಿಟ್ ಬಲ ಬರುತ್ತದೆ. ಕನ್ನಡ ಪದಗಳನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಪಟ್ಟಿ ಮಾಡಿಕೊಳ್ಳಬಹುದು. ಹುಣಸೆ, ಕಂಬಳಿ, ಜಗಲಿ, ಗಿಣಿ, ತಕ್ಕಡಿ, ಮುಂಗಾರು ಇಂಥವು ನೆನಪಿನಲ್ಲಿ ಚೆನ್ನಾಗಿ ಉಳಿಯುತ್ತವೆ. ಆದರೆ ಪದ ಆರಿಸುವುದು ದಾಳವೇ ಆಗಿರಬೇಕು. ನಿಮಗೆ ಇಷ್ಟವಾದ ಪದಗಳನ್ನು ಪೋಣಿಸಿದರೆ, ಇಲ್ಲಿ ಬರೆದ ಆರನ್ನೇ ಹಾಕಿದರೆ ಆ ಬಲ ಬರುವುದಿಲ್ಲ.

## ಹಂತ 4: ವೈಫೈ ಒಳಗೆ ಎರಡನೆಯ ಬೀಗ ಹಾಕಿ

ಈ ಮಾರ್ಗದರ್ಶಿಯ ಜೀವಾಳ ಇದೇ. ಎಸ್‌ಎಇ ಇವತ್ತಿಗೂ ಎಲಿಪ್ಟಿಕ್ ಕರ್ವ್ ಮೇಲೆಯೇ ನಿಂತಿದೆ. ಅದನ್ನು ಬದಲಾಯಿಸುವುದು ನಿಮ್ಮ ನನ್ನ ಕೈಯಲ್ಲಿಲ್ಲ. ಆದರೆ ವೈಫೈ ಮೇಲೆ ಓಡುವ ವೆಬ್, ಎಸ್‌ಎಸ್‌ಎಚ್ (ದೂರದ ಸರ್ವರ್‌ಗೆ ಭದ್ರವಾಗಿ ಲಾಗಿನ್ ಆಗುವ ದಾರಿ), ವಿಪಿಎನ್ (ಡೇಟಾ ಸಾಗಲು ಬೀಗ ಹಾಕಿದ ಒಳದಾರಿ) ಇವಕ್ಕೆ ಕ್ವಾಂಟಮ್ ತಡೆಯುವ ಬೀಗ ಈಗಲೇ ಸಿಗುತ್ತದೆ. ಹೊರಗಿನ ಬಾಗಿಲು ಮುರಿದರೂ ಒಳಗಿನ ಪೆಟ್ಟಿಗೆ ತೆರೆಯಬಾರದು.

ಹೊಸ ಮಾನದಂಡಗಳನ್ನು ನಿಸ್ಟ್ 2024ರ ಆಗಸ್ಟ್ 13ರಂದು ಹೊರತಂದಿತು. ಕೀಲಿ ಹಂಚಲು ಎಂಎಲ್-ಕೆಮ್, ಅಂದರೆ ಫಿಪ್ಸ್ 203. ಡಿಜಿಟಲ್ ಸಹಿಗೆ ಎಂಎಲ್-ಡಿಎಸ್‌ಎ ಮತ್ತು ಎಸ್‌ಎಲ್‌ಎಚ್-ಡಿಎಸ್‌ಎ, ಅಂದರೆ ಫಿಪ್ಸ್ 204 ಮತ್ತು 205. ಇವು ನಡೆಯುವುದು ಮಾಮೂಲಿ ಕಂಪ್ಯೂಟರ್‌ನಲ್ಲೇ. ಕ್ವಾಂಟಮ್ ಯಂತ್ರ ಏನೂ ಬೇಡ.

ವೆಬ್. ಕ್ರೋಮ್ 131ರಿಂದ, ಫೈರ್‌ಫಾಕ್ಸ್ 132ರಿಂದ ಎಂಎಲ್-ಕೆಮ್ ಇದೆ. ಆದ್ದರಿಂದ ಮೊದಲ ಕೆಲಸ ಬ್ರೌಸರ್ ಅಪ್‌ಡೇಟ್. ಆಮೇಲೆ ನಿಮ್ಮ ಆಸ್ಪತ್ರೆ ಅಥವಾ ಕಚೇರಿಯ ಸಾಫ್ಟ್‌ವೇರ್ ಪುಟ ತೆರೆಯಿರಿ. ಕ್ರೋಮ್‌ನಲ್ಲಿ ಎಫ್12 ಒತ್ತಿ, ಸೆಕ್ಯುರಿಟಿ ಟ್ಯಾಬ್‌ಗೆ ಹೋಗಿ. ಕನೆಕ್ಷನ್ ಎಂಬ ಕಡೆ ಎಕ್ಸ್25519 (ಹಳೆಯ ಎಲಿಪ್ಟಿಕ್ ಕರ್ವ್ ವಿಧಾನ) ಜೊತೆಗೆ ಎಂಎಲ್‌ಕೆಮ್768 ಅಂಟಿಕೊಂಡಿದ್ದರೆ ಸರಿ ಇದೆ. ಬರೀ ಎಕ್ಸ್25519 ಇದ್ದರೆ ಸರ್ವರ್ ಕಡೆ ಕೆಲಸ ಬಾಕಿ ಇದೆ.

ಸರ್ವರ್ ನಿಮ್ಮದೇ ಆಗಿದ್ದರೆ ಅದರ ಎನ್‌ಕ್ರಿಪ್ಶನ್ ಸಾಫ್ಟ್‌ವೇರ್ ಓಪನ್‌ಎಸ್‌ಎಸ್‌ಎಲ್ 3.5 ಅಥವಾ ಅದಕ್ಕಿಂತ ಹೊಸದು ಬೇಕು. ಅದು 2025ರ ಏಪ್ರಿಲ್‌ನಲ್ಲಿ ಬಂತು, ಈ ಹೊಸ ಬಗೆಯನ್ನು ತಾನಾಗಿಯೇ ಮುಂದಿಡುತ್ತದೆ. ಲಿನಕ್ಸ್‌ನ ಡೆಬಿಯನ್ 13ರಲ್ಲಿ ಇದೇ ಇದೆ. ಉಬುಂಟು 24.04ರಲ್ಲಿ ಇರುವುದು ಹಳೆಯ 3.0. ಸರ್ವರ್ ಬೇರೆಯವರದಾದರೆ ಅವರಿಗೆ ಒಂದು ಮೇಲ್ ಬರೆಯಿರಿ. ಯಾವ ತಿಂಗಳು ಮಾಡುತ್ತೀರಿ ಅಂತ ಕೇಳಿ.

ಎಸ್‌ಎಸ್‌ಎಚ್. ಇಲ್ಲಿ ನೆಮ್ಮದಿ. ಓಪನ್‌ಎಸ್‌ಎಸ್‌ಎಚ್‌ನವರು 2022ರಲ್ಲಿ ಬಂದ 9.0ರಿಂದಲೇ ಕ್ವಾಂಟಮ್ ತಡೆಯುವ ಕೀಲಿ ವಿನಿಮಯವನ್ನು ತಾನಾಗಿ ಬಳಸುವಂತೆ ಮಾಡಿದ್ದಾರೆ. 10.0ರಿಂದ ಎಂಎಲ್-ಕೆಮ್ ಮೊದಲ ಆಯ್ಕೆ. 10.1 ಇದ್ದರೆ, ಎದುರಿನ ಸರ್ವರ್ ಹಳೆಯದಾಗಿದ್ದಾಗ ಅದೇ ಎಚ್ಚರಿಸುತ್ತದೆ. ಎರಡೂ ಕಡೆ ವರ್ಷನ್ ನೋಡಿಕೊಳ್ಳಿ, ಸಾಕು.

ವಿಪಿಎನ್. ಸಣ್ಣ ಕಚೇರಿಗೆ ವೈರ್‌ಗಾರ್ಡ್ ಒಳ್ಳೆಯದು. ಅದರ ಮೂಲ ಕೀಲಿ ವಿನಿಮಯ ಎಲಿಪ್ಟಿಕ್ ಕರ್ವ್. ಆದರೆ ಅದರಲ್ಲಿ 256 ಬಿಟ್‌ನ ಪ್ರೀಶೇರ್ಡ್ ಕೀ ಎಂಬ ಆಯ್ಕೆ ಇದೆ. ಕ್ವಾಂಟಮ್ ದಿನಗಳಿಗಾಗಿಯೇ ಇಟ್ಟದ್ದು. ಜೆನ್‌ಪಿಎಸ್‌ಕೆ ಎಂಬ ಒಂದೇ ಆಜ್ಞೆಯಿಂದ ಈ ಕೀಲಿ ಹುಟ್ಟುತ್ತದೆ. ಪ್ರತಿ ಸಲಕರಣೆಗೂ ಬೇರೆ ಬೇರೆ ಕೀಲಿ ಮಾಡಿ, ಎರಡೂ ಕಡೆಯ ಕಾನ್ಫಿಗ್ ಫೈಲ್‌ನಲ್ಲಿ ಹಾಕಿ. ಆ ಕೀಲಿಯನ್ನು ಅದೇ ವೈಫೈ ಮೇಲೆ, ಇಮೇಲ್‌ನಲ್ಲಿ ಕಳಿಸಬೇಡಿ. ಪೆನ್ ಡ್ರೈವ್‌ನಲ್ಲಿ ಕೈಯಾರೆ ಒಯ್ಯಿರಿ. ಲ್ಯಾಬ್‌ನಲ್ಲಿ ಏಳು ಲ್ಯಾಪ್‌ಟಾಪ್‌ಗೆ ಇದನ್ನು ಮಾಡಲು ಒಂದು ಮಧ್ಯಾಹ್ನ ಹಿಡಿಯಿತು.

ಕೇಬಲ್. ಪ್ರಿಂಟರ್, ರಕ್ತ ಪರೀಕ್ಷಾ ಯಂತ್ರ, ಕ್ಯಾಮೆರಾ ಇವುಗಳಲ್ಲಿ ಎಂಎಲ್-ಕೆಮ್ ಹುಡುಕಬೇಡಿ, ಸಿಗುವುದು ಅಪರೂಪ. ಜಾಗ ಬಿಟ್ಟು ಕದಲದ ಯಂತ್ರಕ್ಕೆ ವೈಫೈ ಯಾಕೆ ಬೇಕು? ಕ್ಯಾಟ್6 ಕೇಬಲ್ ಎಳೆದು ವೈಫೈ ಆಫ್ ಮಾಡಿ. ಗಾಳಿಗೆ ಹೋಗದ ಡೇಟಾವನ್ನು ರಸ್ತೆಯಲ್ಲಿ ಕೂತವರು ಕೂಡಿಡಲು ಆಗುವುದಿಲ್ಲ. ನಾನು ಮಾಡಿಸಿದ ಕೆಲಸಗಳಲ್ಲೆಲ್ಲ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ.

ಎಕ್ಸ್25519 ಮತ್ತು ಎಂಎಲ್-ಕೆಮ್ ಎರಡನ್ನೂ ಯಾಕೆ ಜೋಡಿಸಿದ್ದಾರೆ ಅಂತ ಕೆಲವರು ಕೇಳುತ್ತಾರೆ. ಹೊಸ ಗಣಿತವನ್ನು ಕಣ್ಣು ಮುಚ್ಚಿ ನಂಬಬಾರದು, ಅದಕ್ಕೆ. ನಿಸ್ಟ್ ಸ್ಪರ್ಧೆಯಲ್ಲಿ ಸೈಕ್ ಎಂಬ ವಿಧಾನ ನಾಲ್ಕನೆಯ ಸುತ್ತಿನವರೆಗೂ ಬಂದಿತ್ತು. 2022ರಲ್ಲಿ ಕಾಸ್ಟ್ರಿಕ್ ಮತ್ತು ಡೆಕ್ರು ಎಂಬಿಬ್ಬರು ಅದನ್ನು ಮಾಮೂಲಿ ಕಂಪ್ಯೂಟರ್‌ನ ಒಂದೇ ಕೋರ್‌ನಲ್ಲಿ ಸುಮಾರು ಒಂದು ಗಂಟೆಯಲ್ಲಿ ಮುರಿದರು. ಹಳೆಯದೂ ಹೊಸದೂ ಜೋಡಿ ಇದ್ದರೆ ಎರಡನ್ನೂ ಮುರಿದ ಮೇಲೆಯೇ ಒಳಗೆ ಬರಬೇಕು.

## ಹಂತ 5: ಎಂಟರ್‌ಪ್ರೈಸ್ ವೈಫೈ ಇರುವವರಿಗೆ

ಕಾಲೇಜು, ದೊಡ್ಡ ಆಸ್ಪತ್ರೆಗಳಲ್ಲಿ ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಇರುತ್ತದೆ. ಹಿಂದೆ ಆ ಲಾಗಿನ್‌ಗಳನ್ನು ಪರಿಶೀಲಿಸುವ ಒಂದು ರೇಡಿಯಸ್ ಸರ್ವರ್ ಇರುತ್ತದೆ. ಇಲ್ಲಿ ಇಎಪಿ-ಟಿಎಲ್‌ಎಸ್ (ವೆಬ್‌ನಲ್ಲಿರುವ ಟಿಎಲ್‌ಎಸ್ ಬೀಗದ ವಿಧಾನದಲ್ಲೇ, ಸರ್ಟಿಫಿಕೇಟ್ ತೋರಿಸಿ ಲಾಗಿನ್ ಆಗುವುದು) ಬಳಸಿದರೆ ವೈಫೈ ಕೀಲಿ ಹುಟ್ಟುವುದು ಆ ಟಿಎಲ್‌ಎಸ್ ಮಾತುಕತೆಯಿಂದಲೇ. ಅಂದರೆ ರೇಡಿಯಸ್ ಸರ್ವರ್ ಮತ್ತು ಲ್ಯಾಪ್‌ಟಾಪ್ ಎರಡೂ ಟಿಎಲ್‌ಎಸ್ 1.3 ಮತ್ತು ಎಂಎಲ್-ಕೆಮ್ ಜೋಡಿಯನ್ನು ಒಪ್ಪಿದರೆ, ವೈಫೈ ಬೀಗದ ಕೈಯೇ ಕ್ವಾಂಟಮ್ ತಡೆಯುವಂಥದ್ದಾಗುತ್ತದೆ. ಆಕ್ಸೆಸ್ ಪಾಯಿಂಟ್ (ವೈಫೈ ಸಿಗ್ನಲ್ ಕೊಡುವ ಪೆಟ್ಟಿಗೆ) ಬದಲಾಯಿಸದೆ! ಪಾಸ್‌ವರ್ಡ್ ವೈಫೈಗೆ ಇಲ್ಲದ ಈ ದಾರಿ ಎಂಟರ್‌ಪ್ರೈಸ್‌ಗೆ ಇದೆ. ನಿಮ್ಮ ರೇಡಿಯಸ್ ಸರ್ವರ್ ಯಾವ ಓಪನ್‌ಎಸ್‌ಎಸ್‌ಎಲ್ ಮೇಲೆ ಓಡುತ್ತಿದೆ ಅಂತ ಮೊದಲು ನೋಡಿ.

ಡಬ್ಲ್ಯೂಪಿಎ3 ಎಂಟರ್‌ಪ್ರೈಸ್‌ನ 192 ಬಿಟ್ ಬಗೆ ಹಾಕಿದ್ದೇವೆ, ನಮಗೇನೂ ಆಗದು ಅನ್ನುವವರೂ ಇದ್ದಾರೆ. ಅದರ ಬೀಗ ಗಟ್ಟಿ. ಆದರೆ ಕೀಲಿ ವಿನಿಮಯ 384 ಬಿಟ್ ಎಲಿಪ್ಟಿಕ್ ಕರ್ವ್. ಶೋರ್ ಮುಂದೆ ಅದೂ ನಿಲ್ಲದು.

ಗುರುತು ತೋರಿಸುವ, ಡಿಜಿಟಲ್ ಸಹಿ ಇರುವ ಸರ್ಟಿಫಿಕೇಟ್‌ಗಳ ವಿಷಯದಲ್ಲಿ ಅವಸರ ಬೇಡ. ಸಹಿ ಎನ್ನುವುದು ಆ ಕ್ಷಣದಲ್ಲಿ ನೀವು ನೀವೇ ಅಂತ ತೋರಿಸುವ ಕೆಲಸ. ಹತ್ತು ವರ್ಷದ ನಂತರ ಅದನ್ನು ಮುರಿದು ಹಿಂದಿನ ದಿನಕ್ಕೆ ನುಗ್ಗಲು ಆಗುವುದಿಲ್ಲ. ಆದ್ದರಿಂದ ಮೊದಲು ಕೀಲಿ ವಿನಿಮಯ, ಆಮೇಲೆ ಸಹಿ. ಒಂದೇ ಎಚ್ಚರಿಕೆ: 15, 20 ವರ್ಷದ ಅವಧಿ ಇಟ್ಟು, ಉಳಿದವಕ್ಕೆಲ್ಲ ಸಹಿ ಹಾಕುವ ಹೊಸ ರೂಟ್ ಸರ್ಟಿಫಿಕೇಟ್ ಮಾಡಬೇಡಿ.

ಸಹಿ ಬದಲಾಯಿಸುವ ದಿನ ಬಂದಾಗ ಗಾತ್ರ ಕಾಡುತ್ತದೆ. ಈಗಿನ 256 ಬಿಟ್ ಎಲಿಪ್ಟಿಕ್ ಕರ್ವ್ ಸಹಿ 64 ಬೈಟ್. ಎಂಎಲ್-ಡಿಎಸ್‌ಎ-65 ಸಹಿ 3,309 ಬೈಟ್, ಅದರ ಸಾರ್ವಜನಿಕ ಕೀಲಿ 1,952 ಬೈಟ್. ಒಂದು ಕಡೆ ಮೂರು ಸರ್ಟಿಫಿಕೇಟ್ ಸರಪಳಿ ಇದ್ದರೆ, ಲಾಗಿನ್ ಹೊತ್ತಿನಲ್ಲಿ ಹಾಕುವ ಇನ್ನೊಂದು ಸಹಿಯೂ ಸೇರಿ, ಇಷ್ಟರಿಂದಲೇ 19,000 ಬೈಟ್ ದಾಟುತ್ತದೆ. ಎರಡೂ ಕಡೆ ಸೇರಿ 38,000. ಇದನ್ನು ಸುಮಾರು 1,000 ಬೈಟ್‌ನ ತುಂಡುಗಳಾಗಿ ಕಳಿಸಿದರೆ 40ರ ಹತ್ತಿರ ಸುತ್ತು ಬೇಕು. ಅನೇಕ ಆಕ್ಸೆಸ್ ಪಾಯಿಂಟ್‌ಗಳು 40ರಿಂದ 50 ಸುತ್ತಿನಲ್ಲಿ ಮುಗಿಯದ ಲಾಗಿನ್ ಅನ್ನು ಕತ್ತರಿಸಿಬಿಡುತ್ತವೆ. ಯಾವ ದೋಷ ಸಂದೇಶವೂ ಇಲ್ಲದೆ ವೈಫೈ ಸೇರುತ್ತಿಲ್ಲ ಅಂತ ದೂರು ಬರುತ್ತದೆ. ಪರಿಹಾರ ಈಗಲೇ ಮಾಡಿಕೊಳ್ಳಬಹುದು: ಸರಪಳಿ ಚಿಕ್ಕದು ಮಾಡಿ, ತುಂಡಿನ ಗಾತ್ರ 1,400ರ ಹತ್ತಿರಕ್ಕೆ ಏರಿಸಿ.

ಆಕ್ಸೆಸ್ ಪಾಯಿಂಟ್ ಮತ್ತು ರೇಡಿಯಸ್ ಸರ್ವರ್ ನಡುವಿನ ತಂತಿಯನ್ನೂ ಮರೆಯಬೇಡಿ. ಹಳೆಯ ರೇಡಿಯಸ್ ಇನ್ನೂ ಎಂಡಿ5 ಎಂಬ ಹಳತಾದ ವಿಧಾನದ ಮೇಲೆ ನಿಂತಿದೆ. 2024ರ ಬ್ಲಾಸ್ಟ್-ರೇಡಿಯಸ್ ದಾಳಿ ಅದರ ದೌರ್ಬಲ್ಯ ತೋರಿಸಿತು. ವೈಫೈ ಕೀಲಿ ಆ ದಾರಿಯಲ್ಲೇ ಹೋಗುತ್ತದೆ. ರೇಡಿಯಸ್ ಮಾತುಕತೆಯನ್ನು ಟಿಎಲ್‌ಎಸ್ ಒಳಗೆ ಹಾಕುವ ರಾಡ್‌ಸೆಕ್ ಬಳಸಿ.

## ಹಂತ 6: ಬ್ಲೂಟೂತ್, ಸೆನ್ಸರ್, 5ಜಿ

ಬ್ಲೂಟೂತ್ ಲೋ ಎನರ್ಜಿ 4.2ರಿಂದ ಜೋಡಿಸುವಾಗ 256 ಬಿಟ್ ಎಲಿಪ್ಟಿಕ್ ಕರ್ವ್ ಬಳಸುತ್ತದೆ. ಅಪಾಯ ಇರುವುದು ಆ ಜೋಡಿಸುವ ಕ್ಷಣದಲ್ಲಿ. ಜನ ಓಡಾಡುವ ಕಡೆ ಜೋಡಿಸಬೇಡಿ. ಕೀಬೋರ್ಡ್‌ಗೆ ತಂತಿಯದೇ ವಾಸಿ.

ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಡೇಟಾ ಕಳಿಸುವ ಲೋರಾವಾನ್ ಸೆನ್ಸರ್‌ಗಳು ಮೊದಲೇ ಹಂಚಿಟ್ಟ ಎಇಎಸ್-128 ಕೀಲಿ ಬಳಸುತ್ತವೆ. ಶೋರ್ ಭಯ ಇಲ್ಲ. ಎಲ್ಲ ಸೆನ್ಸರ್‌ಗೂ ಒಂದೇ ಕೀಲಿ ಹಾಕಿಲ್ಲ ಅಂತ ಮಾತ್ರ ನೋಡಿಕೊಳ್ಳಿ.

ಮೊಬೈಲ್‌ನಲ್ಲಿ ಸಿಮ್ ಮತ್ತು ಕಂಪನಿಯ ನಡುವೆ ಮೊದಲೇ ಹಂಚಿಟ್ಟ ಗುಟ್ಟು ಕೀಲಿ ಇರುತ್ತದೆ. ಅದರಿಂದ ಕರೆ ಮತ್ತು ಡೇಟಾದ ಬೀಗ ಹುಟ್ಟುತ್ತದೆ. ಇಲ್ಲಿ ಕ್ವಾಂಟಮ್ ಪೆಟ್ಟು ಕಡಿಮೆ. 5ಜಿಯಲ್ಲಿ ನಿಮ್ಮ ಚಂದಾದಾರ ಗುರುತನ್ನು ಮುಚ್ಚಿಡಲು ಮಾತ್ರ ಎಲಿಪ್ಟಿಕ್ ಕರ್ವ್ ಬಳಸಿದ್ದಾರೆ. ಅದು ಮುರಿದರೆ ಯಾರ ಫೋನ್ ಎಲ್ಲಿತ್ತು ಅಂತ ತಿಳಿಯಬಹುದು. ಅದನ್ನು ಸರಿಪಡಿಸಬೇಕಾದವರು ಕಂಪನಿಗಳು.

## ಹಂತ 7: ಹೊಸದು ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ

ಡಬ್ಬದ ಮೇಲೆ "ಕ್ವಾಂಟಮ್ ಸೇಫ್" ಅಂತ ಬರೆದಿದ್ದರೆ ಸಾಲದು. ಫಿಪ್ಸ್ 203 ಇದೆಯಾ? ಎಲ್ಲಿ ಇದೆ, ಸೆಟ್ಟಿಂಗ್ಸ್ ಪುಟಕ್ಕಾ, ವಿಪಿಎನ್‌ಗಾ, ವೈಫೈ ಕೀಲಿಗಾ? ಫರ್ಮ್‌ವೇರ್ ಅಪ್‌ಡೇಟ್ ಯಾವ ವರ್ಷದವರೆಗೆ ಕೊಡುತ್ತೀರಿ? ಫರ್ಮ್‌ವೇರ್‌ನ ಸಹಿ ವಿಧಾನ ಮುಂದೆ ಬದಲಾಯಿಸಬಹುದಾ? ಇಷ್ಟಕ್ಕೆ ಬರವಣಿಗೆಯಲ್ಲಿ ಉತ್ತರ ತೆಗೆದುಕೊಳ್ಳಿ. ನಮ್ಮದೇ ಗುಟ್ಟು ವಿಧಾನ ಇದೆ ಅನ್ನುವವರಿಂದ ಕೊಳ್ಳಬೇಡಿ.

ಕ್ವಾಂಟಮ್ ಕೀಲಿ ವಿತರಣೆ ಎಂಬ ಇನ್ನೊಂದು ತಂತ್ರವನ್ನೂ ಕೆಲವರು ಮುಂದಿಡುತ್ತಾರೆ. ಇಸ್ರೋ 2021ರಲ್ಲಿ ಅಹಮದಾಬಾದ್‌ನಲ್ಲಿ 300 ಮೀಟರ್ ಗಾಳಿಯಲ್ಲಿ ಬೆಳಕಿನ ಕಣಗಳ ಮೂಲಕ ಇದನ್ನು ಮಾಡಿ ತೋರಿಸಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲೂ ಈ ಕೆಲಸ ನಡೆದಿದೆ. ದೊಡ್ಡ ಸಾಧನೆ, ನಮಗೆ ಹೆಮ್ಮೆ. ಆದರೆ ಅದಕ್ಕೆ ಎರಡು ತುದಿಗಳ ನಡುವೆ ಫೈಬರ್ ಇರಬೇಕು ಇಲ್ಲವೇ ಅವು ಒಂದಕ್ಕೊಂದು ನೇರ ಕಾಣಬೇಕು, ವಿಶೇಷ ಸಲಕರಣೆ ಬೇಕು. ಜೇಬಿನಲ್ಲಿ ಓಡಾಡುವ ಫೋನ್‌ನ ವೈಫೈಗೆ ಅದು ಹೊಂದುವುದಿಲ್ಲ.

## ಹಂತ 8: ಕಣ್ಣಾರೆ ನೋಡಿ ಖಚಿತ ಮಾಡಿಕೊಳ್ಳಿ

ನಿಮ್ಮದೇ ಲ್ಯಾಪ್‌ಟಾಪ್‌ನಲ್ಲಿ, ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ಎಂಬ ಸಾಫ್ಟ್‌ವೇರ್ ಹಾಕಿ. ನಿಮ್ಮ ನೆಟ್‌ವರ್ಕ್ ಅಥವಾ ಲಿಖಿತ ಒಪ್ಪಿಗೆ ಇರುವ ನೆಟ್‌ವರ್ಕ್ ಮಾತ್ರ. ಬೇರೆಯವರದ್ದಕ್ಕೆ ಕೈ ಹಾಕಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಂಗಳು ಕಾಯುತ್ತಿರುತ್ತವೆ.

ರೆಕಾರ್ಡ್ ಶುರು ಮಾಡಿ, ಕಚೇರಿ ಸಾಫ್ಟ್‌ವೇರ್ ಪುಟ ತೆರೆಯಿರಿ. ಕ್ಲೈಂಟ್ ಹಲೋ ಎಂಬ ಸಂದೇಶ ಹುಡುಕಿ, ಅದರೊಳಗೆ ಕೀ ಶೇರ್ ಎಂಬ ಭಾಗ ಬಿಚ್ಚಿ. ಗುಂಪಿನ ಸಂಖ್ಯೆ 4588, ಉದ್ದ 1,216 ಬೈಟ್ ಇರಬೇಕು. ಅದರಲ್ಲಿ 1,184 ಎಂಎಲ್-ಕೆಮ್‌ನದು, 32 ಹಳೆಯ ಎಕ್ಸ್25519ರದು. ಈ ಸಂದೇಶ ಸಾಮಾನ್ಯವಾಗಿ ಒಂದು ಪ್ಯಾಕೆಟ್‌ಗೆ ಹಿಡಿಸುವುದಿಲ್ಲ, ಎರಡಾಗಿ ಹೋಗುತ್ತದೆ. ಕೆಲವು ಹಳೆಯ ಫೈರ್‌ವಾಲ್‌ಗಳು ಇಲ್ಲೇ ತಡವರಿಸಿ ಪುಟ ತೆರೆಯದಂತೆ ಮಾಡುತ್ತವೆ. ಹಾಗಾದರೆ ಬ್ರೌಸರ್‌ನಲ್ಲಿ ಎಂಎಲ್-ಕೆಮ್ ಆಫ್ ಮಾಡಬೇಡಿ, ಫೈರ್‌ವಾಲ್ ಅಪ್‌ಡೇಟ್ ಮಾಡಿ.

ಆಮೇಲೆ ಸರ್ವರ್ ಹಲೋ ನೋಡಿ. ಅಲ್ಲೂ 4588 ಇದ್ದು, ಉದ್ದ 1,120 ಬೈಟ್ ಇದ್ದರೆ ಎರಡೂ ಕಡೆಯವರು ಒಪ್ಪಿದ್ದಾರೆ. 32 ಬೈಟ್ ಮಾತ್ರ ವಾಪಸ್ ಬಂದರೆ ಸರ್ವರ್ ಹಳೆಯದು, ಹಂತ 4ಕ್ಕೆ ವಾಪಸ್ ಹೋಗಿ.

ಲ್ಯಾಬ್‌ನಲ್ಲಿ ಕೊನೆಯ ದಿನ 1,120 ಎಂಬ ಅಂಕಿ ಕಂಡಾಗ ರಾತ್ರಿ ಎಂಟೂವರೆ. ರಿಪೋರ್ಟ್ ಪ್ರಿಂಟರ್ ಕೇಬಲ್‌ಗೆ ಬಂದಿತ್ತು, ರಿಸೆಪ್ಷನ್ ಗೋಡೆಯ ಮೇಲಿನ ಚೀಟಿಯಲ್ಲಿ ಗೆಸ್ಟ್ ವೈಫೈ ಹೆಸರು ಮಾತ್ರ ಇತ್ತು. 31 ಸಲಕರಣೆಗಳಲ್ಲಿ ನಾಲ್ಕು ಇನ್ನೂ ಡಬ್ಲ್ಯೂಪಿಎ2ನಲ್ಲೇ ಉಳಿದಿದ್ದವು. ನೋಟ್‌ಬುಕ್‌ನಲ್ಲಿ ಆ ನಾಲ್ಕರ ಮುಂದೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ಬದಲಾಯಿಸಬೇಕಾದ ತಿಂಗಳು ಬರೆದು, ಮಾಲೀಕರ ಸಹಿ ಹಾಕಿಸಿಕೊಂಡೆ.